ಗಂಡಸಿನ ವಯಸ್ಸು

ಹತ್ತೊಂಬತ್ತನೆಯ ಶತಮಾನದ ಸಮಾಜಸುಧಾರಣೆಯ ಇತಿಹಾಸವನ್ನು ಓದುವಾಗ ಒಂದು ಸಂಗತಿ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುತ್ತದೆ. ಹೆಣ್ಣುಮಕ್ಕಳು ಅನುಭವಿಸಿದ ಹಿಂಸೆಯನ್ನು ಕುರಿತು ಗಂಡಸರು ಧಾರಾಳವಾಗಿ ಬರೆದರು, ಸಭೆ ಸೇರಿಸಿದರು, ಜಗಳವಾಡಿದರು. ಗಂಡಸಿನ ನಡತೆಯನ್ನೇ ಪ್ರಶ್ನೆಗೆ ಒಡ್ಡಿದವರು ಮಾತ್ರ ವಿರಳ. ಅಂಥವರಲ್ಲಿ ಒಬ್ಬರು ಬೆಹ್ರಾಮ್‌ಜಿ ಮಲಬಾರಿ.

ಬರೋಡೆಯಲ್ಲಿ ಹುಟ್ಟಿದ ಈ ಪಾರಸಿ ಗೃಹಸ್ಥರು ಗುಜರಾತಿ ಕವಿ, ಮುಂಬಯಿಯ ಪತ್ರಿಕಾ ಸಂಪಾದಕರು. 1884ರಲ್ಲಿ ಬಾಲ್ಯವಿವಾಹ, ಬಲವಂತದ ವೈಧವ್ಯ ಇವೆರಡನ್ನೂ ಕುರಿತು ಟಿಪ್ಪಣಿಗಳನ್ನು ಬರೆದು ಅಧಿಕಾರಿಗಳಿಗೂ ದೇಶದ ಗಣ್ಯರಿಗೂ ಕಳುಹಿಸಿದರು. ಅವರು ಸೂಚಿಸಿದ ಉಪಾಯ ಸ್ವಾರಸ್ಯವಾದುದು: ವಿವಾಹಿತ ವಿದ್ಯಾರ್ಥಿಗಳನ್ನು ವಿಶ್ವವಿದ್ಯಾಲಯಗಳು ಪರೀಕ್ಷೆಗೆ ಕೂಡಿಸಕೂಡದು, ನೌಕರಿಯಲ್ಲಿ ಅವಿವಾಹಿತರಿಗೇ ಮೊದಲ ಮಣೆ ಸಲ್ಲಬೇಕು. ಕನ್ಯೆಯ ತಂದೆಗೆ ಉಪದೇಶ ಮಾಡುತ್ತ ಕೂಡದೆ, ಅವರು ವರನ ಬಿ.ಎ. ಪದವಿಗೇ ಕೈಹಾಕಿದರು! ಸರಕಾರ ಒಪ್ಪಲಿಲ್ಲ. ಪಾರಸಿಯವನಿಗೆ ಹಿಂದೂಗಳ ಮನೆಯ ಗೊಡವೆಯೇಕೆಂಬ ಮೂದಲೆಯೂ ಬಂತು.

1890ರಲ್ಲಿ ಬಂಗಾಳದ ಫುಲ್‌ಮಣಿ ದಾಸಿ ಎಂಬ ಬಾಲಕಿ ಗಂಡನ ಬಲಾತ್ಕಾರದಿಂದ ಸತ್ತಳು. ವಯಸ್ಸು ಹತ್ತು ದಾಟಿತ್ತು, ಅಷ್ಟೆ. ಗಂಡ ಬಹಳ ಹಿರಿಯ. 1860ರ ದಂಡಸಂಹಿತೆಯ ಪ್ರಕಾರ ಹೆಂಡತಿಗೆ ಹತ್ತು ತುಂಬಿದ ಮೇಲೆ ಗಂಡನ ಬಲಾತ್ಕಾರ ಬಲಾತ್ಕಾರವೇ ಅಲ್ಲ. ಆತನಿಗೆ ದೊರೆತದ್ದು ಒಂದು ವರ್ಷದ ಕಠಿಣ ಸಜೆ.

ಆ ಎಲ್ಲೆಯನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಮಸೂದೆ 1891ರ ಜನವರಿಯಲ್ಲಿ ಮಂಡನೆಯಾಯಿತು. ದೇಶ ಎರಡಾಯಿತು. ಗರ್ಭಾಧಾನ ಸಂಸ್ಕಾರಕ್ಕೆ ಭಂಗ ಬರುತ್ತದೆಂದು ಒಂದು ಪಕ್ಷ. ಶಾಸ್ತ್ರ ಹಾಗೆ ವಿಧಿಸುವುದಿಲ್ಲವೆಂದು ಭಾಂಡಾರಕರರ ಉತ್ತರ. ಪರಕೀಯ ಸರಕಾರ ನಮ್ಮ ಮನೆಯಾಚಾರದಲ್ಲಿ ತಲೆಹಾಕಬಾರದು, ಸುಧಾರಕರು ಮೊದಲು ತಾವೇ ನಿಯಮ ತೊಟ್ಟು ನಡೆಯಲಿ ಎಂದರು ತಿಲಕರು. ಈ ವಾದದ ಉತ್ತರಾರ್ಧ ನನಗೆ ಸರಿಯೆನ್ನಿಸುತ್ತದೆ. ಆದರೆ ಗಂಡಸರು ತಿದ್ದಿಕೊಳ್ಳುವತನಕ ಹತ್ತು ವರ್ಷದ ಹುಡುಗಿ ಎಲ್ಲಿ ಕಾದಿರಬೇಕು?

ಪಂಡಿತರ ಈ ಗದ್ದಲದಲ್ಲಿ ಬಾಲಕಿಯರ ನೋವಿನ ಮಾತನ್ನು ತಂದವರು ಹೆಂಗಸರು. ಐವತ್ತೈದು ಮಂದಿ ವೈದ್ಯೆಯರು ತಾವು ಕಣ್ಣಾರೆ ಕಂಡ ಪ್ರಕರಣಗಳನ್ನು ಬರೆದು ವೈಸರಾಯರಿಗೆ ಮನವಿ ಮಾಡಿದರು. ಇದಕ್ಕೂ ಮುಂಚೆ, 1887ರಲ್ಲಿ, ಬಾಲ್ಯದಲ್ಲಿ ಮದುವೆಯಾಗಿದ್ದ ರುಖ್ಮಾಬಾಯಿ ಗಂಡನ ಮನೆಗಿಂತ ಸೆರೆಮನೆ ಲೇಸೆಂದು ನ್ಯಾಯಾಲಯಕ್ಕೇ ತಿಳಿಸಿದ್ದರು. ಮಲಬಾರಿಯವರು ಬೆಂಬಲಕ್ಕೆ ನಿಂತಿದ್ದರು. ನಿಜವಾದ ಜೊತೆಗಾರಿಕೆಯೆಂದರೆ ಇದು: ಆಕೆ ಆಡಿದ ಮಾತನ್ನು ಗಂಡಸರ ಕಿವಿಗೆ ಮುಟ್ಟಿಸುವುದು.

ಮಾರ್ಚಿ 19ರಂದು ಮಸೂದೆ ಅಂಗೀಕೃತವಾಯಿತು. ಹೆಂಡತಿಯ ಮಟ್ಟಿಗೆ ಆ ಹನ್ನೆರಡು 1925ರಲ್ಲಿ ಹದಿಮೂರು, 1949ರಲ್ಲಿ ಹದಿನೈದು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಹದಿನೆಂಟು ಆಯಿತು. ಅದರಾಚೆಯ ಹೆಂಡತಿಗೆ 2023ರ ನ್ಯಾಯಸಂಹಿತೆಯೂ ಆ ಹಳೆಯ ವಿನಾಯಿತಿಯನ್ನೇ ಉಳಿಸಿಕೊಂಡಿತು.

ಈ ಎಲ್ಲ ಲೆಕ್ಕವೂ ಹೆಣ್ಣಿನ ವಯಸ್ಸಿನದು. ನಮ್ಮ ಮೈಸೂರು ಸಂಸ್ಥಾನ ಬೇರೊಂದು ಲೆಕ್ಕವನ್ನೂ ಹಾಕಿತು. ಶೇಷಾದ್ರಿ ಅಯ್ಯರರ ದಿವಾನಗಿರಿಯಲ್ಲಿ, ಸಂಪ್ರದಾಯಸ್ಥರ ವಿರೋಧದ ನಡುವೆ ಜಾರಿಗೆ ಬಂದ 1894ರ ಕಾಯಿದೆ ಎಂಟು ತುಂಬದ ಹುಡುಗಿಯ ಮದುವೆಯನ್ನು ನಿಷೇಧಿಸಿತು. ಎಂಟೆಂಬುದು ಬಹಳ ಕಡಿಮೆ, ನಿಜ. ಆದರೆ ಅದೇ ಕಾಯಿದೆ ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದೆಂದೂ ವಿಧಿಸಿತು. ಪುರೋಹಿತರು ಅಲ್ಲಿಯತನಕ ವಧುವಿನ ಜಾತಕವನ್ನಷ್ಟೇ ನೋಡುತ್ತಿದ್ದರೋ ಏನೋ; ಈಗ ವರನ ನರೆಗೂದಲನ್ನೂ ಎಣಿಸಬೇಕಾಯಿತು.

ಐದು ವರ್ಷಗಳ ಬಳಿಕ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾಯಿತು. ಅದರ ನಾಯಕಿ ಎಳೆಯ ವಿಧವೆ. ಮನೆ ಬಿಟ್ಟು ಹೊರಟು, ಓದು ಕಲಿತು, ಮತ್ತೆ ಮದುವೆಯಾಗುತ್ತಾಳೆ. ಬರೆದವರು ಪೊಲೀಸು ಇಲಾಖೆಯ ಮನುಷ್ಯ.