ಮಾಚಿಕಾಯಿಯೊಳಗಿನ ಬಾಯಿ

ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಮಾಚಿಕಾಯಿ ಹೆಸರಿಗಷ್ಟೇ ಕಾಯಿ. ಗೋಲಿಯಷ್ಟು ದಪ್ಪದ, ಮೈಮೇಲೆ ಅಲ್ಲಲ್ಲಿ ಗುಬುಟೆದ್ದ ಆ ಗಟ್ಟಿ ಉಂಡೆ ಪಶ್ಚಿಮ ಏಷ್ಯಾದ ಒಂದು ಜಾತಿಯ ಓಕ್ ಮರದಲ್ಲಿ ಪುಟ್ಟ ಕಣಜವೊಂದರ ದೆಸೆಯಿಂದ ಎದ್ದ ಗಂಟು. ಕೆಲವದರಲ್ಲಿ ದಬ್ಬಳದಿಂದ ಚುಚ್ಚಿದಂಥ ದುಂಡು ತೂತಿರುತ್ತದೆ. ಒಳಗೆ ಬೆಳೆದ ಕಣಜ ಕೊರೆದುಕೊಂಡು ಹೊರಬಿದ್ದ ಬಾಗಿಲು ಅದು. ತೂತು ಬೀಳುವ ಮೊದಲೇ ಕಿತ್ತ ಕಾಯಿಯಲ್ಲಿ ಒಗರು ಹೆಚ್ಚು, ಅದಕ್ಕೇ ಬೆಲೆಯೂ ಹೆಚ್ಚು. ಈ ಒಗರಿಗೆ ಕಬ್ಬಿಣದ ಲವಣ ಬೆರೆಸಿ ಯೂರೋಪಿನವರು ಶತಮಾನಗಟ್ಟಲೆ ಮಸಿ ಮಾಡಿಕೊಂಡರು. ಆ ಮಸಿಯಲ್ಲೇ ಗಂಟಿನ ಹುಟ್ಟಿನ ಬಗ್ಗೆ ತಪ್ಪು ತಪ್ಪಾಗಿ ಬರೆದರು ಎನ್ನುವುದು ಬೇರೆ ಮಾತು. ಗಂಟನ್ನು ಕಟ್ಟಿದ್ದು ಮರವೋ, ತಾಯಿ ಕಣಜವೋ, ಒಳಗಿನ ಮರಿಹುಳುವೋ? ಈ ಪ್ರಶ್ನೆಯ ಮುನ್ನೂರೈವತ್ತು ವರ್ಷಗಳ ಚರಿತ್ರೆಯಲ್ಲಿ ನನಗೆ ಎದ್ದು ಕಾಣುವುದು ಇಷ್ಟು: ರೆಕ್ಕೆ ಬಂದ ಕಣಜದ ಮೇಲೆ ಕಣ್ಣಿಟ್ಟಷ್ಟು ಕಾಲ ಒಗಟು ಒಗಟಾಗಿಯೇ ಉಳಿಯಿತು, ಮರಿಹುಳುವಿನ ಊಟವನ್ನು ಗಮನಿಸಿದಾಗ ಸಡಿಲವಾಯಿತು.

ಕೊಳೆತ ಮಾಂಸದಲ್ಲಿ ಹುಳು ತಾನಾಗಿ ಹುಟ್ಟುವುದಿಲ್ಲ ಎಂದು 1668ರಲ್ಲಿ ತೋರಿಸಿಕೊಟ್ಟ ಇಟಲಿಯ ಫ್ರಾನ್ಸೆಸ್ಕೊ ರೆಡಿ ಗಂಟಿನ ವಿಷಯದಲ್ಲಿ ಎಡವಿದ. ಮೊಟ್ಟೆ ಒಳಗೆ ಹೋದ ದಾರಿ ಕಾಣದೆ, ಗಿಡದ ಜೀವಶಕ್ತಿಯೇ ಹುಳುವನ್ನು ಹಡೆಯುತ್ತದೆ ಎಂದುಕೊಂಡ. 1679ರಲ್ಲಿ ಬೊಲೋನಾದ ಮಾರ್ಚೆಲ್ಲೊ ಮಾಲ್ಪೀಗಿ ಗಂಟುಗಳನ್ನು ಸೀಳಿ, ಕಣಜದ ಮೊಟ್ಟೆಸೂಜಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಆ ದಾರಿಯನ್ನು ತೋರಿಸಿದ. ಆದರೆ ಮೊಟ್ಟೆಯ ಜೊತೆ ತಾಯಿ ಬಿಡುವ ರಸವೇ ಗಂಟನ್ನು ಉಬ್ಬಿಸುತ್ತದೆ ಎಂದು ಅವನೂ ನಂಬಿದ. ಈ ನಂಬಿಕೆ ಇನ್ನೂರು ವರ್ಷ ಬಾಳಿತು. ಅದನ್ನು ಅಲುಗಿಸಿದವನು ಜರ್ಮನಿಯ ಶ್ಲೆಸ್ವಿಗ್‌ನ ವೈದ್ಯ ಹೆರ್ಮಾನ್ ಆಡ್ಲರ್. ಕುಂಡದ ಓಕ್ ಸಸಿಗಳ ಮೇಲೆ ಕಣಜಗಳನ್ನು ಬಿಟ್ಟು, ಮೊಟ್ಟೆಯಿಂದ ಮುಂದಿನ ಮೊಟ್ಟೆಯವರೆಗೆ ಕಾದು ಕೂತು 1881ರಲ್ಲಿ ಆತ ಪ್ರಕಟಿಸಿದ ಫಲಿತಾಂಶ ವಿಚಿತ್ರವಾಗಿತ್ತು. ಓಕ್ ಎಲೆಯ ಅಡಿಯಲ್ಲಿ ಶರತ್ಕಾಲಕ್ಕೆ ಮಸೂರದಂಥ ಚಪ್ಪಟೆ ಗಂಟುಗಳು ಮೂಡುತ್ತವೆ, ನೆಲಕ್ಕುದುರುತ್ತವೆ. ವಸಂತದಲ್ಲಿ ಅವುಗಳಿಂದ ಬರುವುದೆಲ್ಲ ಹೆಣ್ಣು. ಗಂಡಿನ ಸೋಂಕಿಲ್ಲದೆ ಅವು ಮೊಗ್ಗುಗಳಲ್ಲಿ ಮೊಟ್ಟೆಯಿಡುತ್ತವೆ. ಆಗ ಹೂಗೊಂಚಲಿನಲ್ಲೂ ಎಳೆ ಎಲೆಯಲ್ಲೂ ದ್ರಾಕ್ಷಿಯಂಥ ರಸಭರಿತ ಗಂಟು ಮೂಡುತ್ತದೆ. ಬೇಸಿಗೆಯ ಮೊದಲಲ್ಲಿ ಅದರಿಂದ ಗಂಡೂ ಹೆಣ್ಣೂ ಹೊರಬಂದು, ಕೂಡಿ, ಮತ್ತೆ ಎಲೆಯಡಿ ಮೊಟ್ಟೆಯಿಡುತ್ತವೆ. ಪಂಡಿತರು ಬೇರೆ ಬೇರೆ ಕುಲಗಳಲ್ಲಿ ಸೇರಿಸಿದ್ದ ಎರಡು ಕಣಜಗಳು ತಾಯಿ-ಮಗಳಾಗಿದ್ದವು! ಆಡ್ಲರ್ ಕಂಡ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಇನ್ನೂ ದೊಡ್ಡದು: ಮೊಟ್ಟೆ ಬಿದ್ದ ಜಾಗ ಎಷ್ಟೋ ಕಾಲ ಸುಮ್ಮನಿರುತ್ತದೆ, ಗಂಟು ಏಳಲು ಶುರುವಾಗುವುದು ಮರಿ ಹೊರಬಂದ ಮೇಲೆ.

ಮೊಟ್ಟೆಯ ಸುತ್ತಲಿನ ಜೀವಕೋಶಗಳು ಮರಿ ಬರುವ ಮುಂಚೆಯೇ ಬದಲಾಗುವ ಜಾತಿಗಳಿಲ್ಲವೇ ಎಂದು ಯಾರಾದರೂ ಕೇಳಬಹುದು. ಇವೆ, ತಾಯಿಯ ಪಾಲು ಪೂರ್ತಿ ಸೊನ್ನೆ ಎಂದು ನಾನೂ ಹೇಳುತ್ತಿಲ್ಲ. ಆದರೆ ಎಳವೆಯಲ್ಲೇ ಮರಿ ಸತ್ತರೆ ಗಂಟಿನ ಬೆಳವಣಿಗೆಯೂ ನಿಂತುಬಿಡುತ್ತದೆ. ಒಮ್ಮೆ ಸುರಿದುಹೋದ ರಸ ಈ ನಿಲುಗಡೆಯನ್ನು ವಿವರಿಸಲಾರದು. ಎಳೆಯ ಗಂಟೊಂದನ್ನು ಅಡ್ಡ ಕತ್ತರಿಸಿದರೆ ನಟ್ಟನಡುವೆ ಬಿಳಿ ಮರಿಹುಳು, ಅದರ ಸುತ್ತ ಮೆತ್ತನೆಯ ಪೋಷಕ ಪದರ, ಅದರಾಚೆ ಗಟ್ಟಿ ಕರಟ, ಹೊರಗೆ ಒಗರಿನ ತೊಗಟೆ. ಪೋಷಕ ಪದರದ ಕೋಶಗಳು ಮಾಮೂಲಿಗಿಂತ ಊದಿಕೊಂಡು ಪ್ರೋಟೀನು, ಕೊಬ್ಬು ತುಂಬಿಕೊಂಡಿರುತ್ತವೆ. ಹುಳು ಒಂದಷ್ಟು ಮೆದ್ದಂತೆ ಹಿಂದಿನ ಕೋಶಗಳು ಹದಕ್ಕೆ ಬರುತ್ತವೆ. ಊಟವೆಲ್ಲ ಮುಗಿಯುವವರೆಗೂ ಮರಿ ಮಲ ವಿಸರ್ಜಿಸುವುದಿಲ್ಲ, ಹಾಗಾಗಿ ಅನ್ನದ ಕೋಣೆ ಹೊಲಸಾಗುವುದಿಲ್ಲ. ರೆಕ್ಕೆ ಬಂದ ಮೇಲೆ ಕಣಜ ತಿನ್ನುವುದು ಇಲ್ಲವೆನ್ನುವಷ್ಟು ಕಡಿಮೆ; ಬದುಕುವುದು ಕೆಲವೇ ದಿನ. ಜೀವಮಾನದ ಊಟವೆಲ್ಲ ಈ ಕೋಣೆಯೊಳಗೇ ಆಗಬೇಕು. ಗಂಟು ಊಟಕ್ಕಲ್ಲ, ಕಾವಲಿಗೆ ಎನ್ನುವವರೂ ಇದ್ದಾರೆ. ಹೊರಗಿನ ಮುಳ್ಳು, ಅಂಟು, ದಪ್ಪ ಗೋಡೆಗಳಿಗೆ ಆ ವಾದ ಒಪ್ಪಬಹುದು. ಆದರೆ ಹುಳುವಿನ ಬಾಯಿಗೆ ತಾಗುವ ಪದರದಲ್ಲಿ ಒಗರೇ ಇಲ್ಲವೆನ್ನುವಷ್ಟು ಕಡಿಮೆ, ಹೊರಗೆ ವಿಪರೀತ. ಈ ಏರ್ಪಾಡು ನಡುವಿನ ಬಾಯಿಯಿಂದ ಹೊರಕ್ಕೆ ರೂಪುಗೊಂಡಿದೆ.

ಅಮೆರಿಕದ ಆಲ್ಫ್ರೆಡ್ ಕಿನ್ಸಿ, ಮುಂದೆ ಮನುಷ್ಯರ ಲೈಂಗಿಕತೆಯ ಅಧ್ಯಯನದಿಂದ ಹೆಸರಾದವರು, ಮೊದಲು ಈ ಕಣಜಗಳನ್ನು ರಾಶಿಗಟ್ಟಲೆ ಕೂಡಿಹಾಕಿ ಅಳೆದು 1930ರಲ್ಲಿ ದಪ್ಪ ಗ್ರಂಥ ತಂದರು. ಶ್ರಮಕ್ಕೆ ತಲೆಬಾಗಬೇಕು, ಆದರೆ ಎಷ್ಟು ರೆಕ್ಕೆ ಅಳೆದರೂ ಗಂಟಿನ ಹುಟ್ಟು ತಿಳಿಯುವುದಿಲ್ಲ. 2019ರಲ್ಲಿ ಒಂದು ಓಕ್ ಕಣಜದ ಜೀನೋಮನ್ನು ಓದಿದವರು ಮರಿಹುಳುವಿನಲ್ಲೂ ಸುತ್ತಲಿನ ಓಕ್ ಅಂಗಾಂಶದಲ್ಲೂ ಯಾವ ಜೀನುಗಳು ಚುರುಕಾಗಿವೆ ಎಂದು ಒಟ್ಟೊಟ್ಟಿಗೆ ಹುಡುಕಿದರು. ಹುಡುಕಾಟ ಕೊನೆಗೂ ಸರಿಯಾದ ಜಾಗಕ್ಕೆ ಬಂದಿತ್ತು. ಕೃಷಿಯೂ ಇದೇ ಪಾಠ ಕಲಿತಿದೆ. ಚೀನಾ ಮೂಲದ, ಗಂಡೇ ಇಲ್ಲದ ಚೆಸ್ಟ್‌ನಟ್ ಗಂಟುಕಣಜ 2002ರಲ್ಲಿ ಇಟಲಿಯಲ್ಲಿ ಪತ್ತೆಯಾಗಿ ತೋಟಗಳನ್ನು ಹಾಳುಗೆಡವಿತು. ಅದನ್ನು ಹತೋಟಿಗೆ ತಂದದ್ದು ಗಂಟಿನೊಳಗಿನ ಮರಿಯನ್ನೇ ತಿನ್ನುವ ಇನ್ನೊಂದು ಕಣಜ. (ನಮ್ಮ ನೀಲಗಿರಿ ತೋಪುಗಳನ್ನು ಕಾಡಿದ ಗಂಟುಕಣಜ ಬೇರೆಯೇ ಕುಟುಂಬದ್ದು, ಗಂಟು ಕಟ್ಟಿಸುವ ಕಲೆ ಒಂದೇ ಮನೆತನದ ಸೊತ್ತಲ್ಲ.)

ಮರದ ಸತ್ವವನ್ನು ಹುಳು ತನ್ನತ್ತ ಸೆಳೆದುಕೊಳ್ಳುತ್ತದೆ ಎಂಬುದಕ್ಕೆ 2018ರಲ್ಲಿ ಫ್ಲಾರಿಡಾದಿಂದ ಬಂದ ಸಾಕ್ಷಿ ತಮಾಷೆಯಾಗಿದೆ. ನಮ್ಮಲ್ಲೂ ಪೊದೆಗಳ ಮೇಲೆ ಹಬ್ಬುವ ಆಕಾಶಬಳ್ಳಿ ಅಲ್ಲಿನ ಓಕ್ ಎಲೆಗಳ ಗಂಟುಗಳಿಗೆ ತನ್ನ ಹೀರುಬೇರನ್ನು ನಾಟಿ, ಹುಳು ಸೆಳೆದುಕೊಂಡ ಸತ್ವಕ್ಕೇ ಕೈಹಾಕಿತ್ತು. ಅಂಥ ಗಂಟುಗಳನ್ನು ಒಡೆದಾಗ ಕೆಲವದರಲ್ಲಿ ಕಣಜ ಬೆಳೆದಿತ್ತು, ಆದರೆ ಹೊರಬರಲಾಗದೆ ಒಳಗೇ ಒಣಗಿ ಕೂತಿತ್ತು.