ಉಸ್ಮಾನಿಯಾದ ಮೊದಲ ವರ್ಷ

1919ರ ಆಗಸ್ಟ್‌ನಲ್ಲಿ ಹೈದರಾಬಾದಿನ ಗನ್‌ಫೌಂಡ್ರಿಯ ಬಾಡಿಗೆ ಕಟ್ಟಡದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ತರಗತಿಗಳು ಶುರುವಾದವು. 225 ವಿದ್ಯಾರ್ಥಿಗಳು, 25 ಅಧ್ಯಾಪಕರು. ಇದ್ದದ್ದು ಇಂಟರ್‌ಮೀಡಿಯೆಟ್ ಮಾತ್ರ. ಎಲ್ಲರೂ ಹೊಸಬರೇ, ದಾರಿ ಹೇಳಲು ಸೀನಿಯರ್ ಎಂಬವರೇ ಇರಲಿಲ್ಲ.

ಪುಸ್ತಕಗಳೂ ಹೊಸವು. ಉಳಿದ ವಿಶ್ವವಿದ್ಯಾಲಯಗಳು ಇಂಗ್ಲಿಷಿಗೆ ಜೋತುಬಿದ್ದಿದ್ದ ಕಾಲದಲ್ಲಿ ಇಲ್ಲಿ ಉರ್ದು ಮಾಧ್ಯಮ. ಅದಕ್ಕೆಂದೇ 1917ರಲ್ಲಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ತೆರೆದಿತ್ತು. ಮೌಲ್ವಿ ಅಬ್ದುಲ್ ಹಕ್ ಅದರ ಮುಖ್ಯಸ್ಥರು. ಭೌತಶಾಸ್ತ್ರ 'ತಬೀಯಾತ್' ಆಯಿತು, ಅರ್ಥಶಾಸ್ತ್ರ 'ಮಆಶಿಯಾತ್'. ಇಂಗ್ಲಿಷನ್ನು ಬಿಡಲಿಲ್ಲ, ಒಂದು ಭಾಷೆಯಾಗಿ ಅದು ಎಲ್ಲರಿಗೂ ಕಡ್ಡಾಯ.

ಪರಭಾಷೆಯ ಹೊರೆ ಇಳಿಸುವ ಈ ಕೆಲಸ ದೊಡ್ಡದೇ. ಆದರೆ ಇಳಿದದ್ದು ಯಾರ ಹೊರೆ? ನಿಜಾಮರ ಸೀಮೆಯಲ್ಲಿ ಉರ್ದು ಮನೆಮಾತಾಗಿದ್ದವರು ಸುಮಾರು ಹತ್ತರಲ್ಲೊಬ್ಬರು. ಬೀದರ್, ಗುಲ್ಬರ್ಗ, ರಾಯಚೂರುಗಳಿಂದ ಬುತ್ತಿ ಕಟ್ಟಿಕೊಂಡು ರೈಲು ಹತ್ತಿದ ಕನ್ನಡದ ಹುಡುಗನಿಗೆ ಉರ್ದುವೂ ಕಲಿಯಬೇಕಾದ ಭಾಷೆಯೇ. ಇನ್ನು ನಮ್ಮವರ ಪಾಡೇನು ಎನ್ನುತ್ತೀರಾ? ಮನೆಯಲ್ಲಿ 'ಹೌ', 'ನಕ್ಕೋ' ಎನ್ನುವ ದಖನಿ. ಪುಸ್ತಕದಲ್ಲಿ ಅರಬ್ಬಿ, ಫಾರ್ಸಿ ತುಂಬಿದ ಉರ್ದು. ಮಾತೃಭಾಷೆ ಎಂದುಕೊಂಡು ಹೋದವರಿಗೂ ನಿಘಂಟು ಬೇಕಾಗುತ್ತಿತ್ತು. ಇದನ್ನು ನಾವು ಹೆಚ್ಚಾಗಿ ಹೇಳಿಕೊಳ್ಳುವುದಿಲ್ಲ.

ಹಾಗೆಂದು ಕನ್ನಡದವರು ಸೋತು ಬರಲಿಲ್ಲ. ಕೊಪ್ಪಳ ಸೀಮೆಯ ದ್ಯಾಂಪುರದ ಸಿದ್ದಯ್ಯ ಪುರಾಣಿಕರು ಅಲ್ಲಿ ಓದಿ, ಉರ್ದುವನ್ನೂ ಒಲಿಸಿಕೊಂಡು ಕನ್ನಡದ ಕವಿಯಾದರು.

ಗಾಯಗಳೂ ಆದವು. 1938ರಲ್ಲಿ ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡುವುದನ್ನು ತಡೆದಾಗ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಹೊರಹಾಕಲಾದ ಹಲವರಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಇಂದಿಗೂ ನೋಡುವಂತಿರುವ ಆರ್ಟ್ಸ್ ಕಾಲೇಜಿನ ಕಟ್ಟಡ ಉದ್ಘಾಟನೆಯಾದದ್ದು ಮರುವರ್ಷ, 1939ರ ಡಿಸೆಂಬರಿನಲ್ಲಿ.

1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಉರ್ದು ಹೋಗಿ ಇಂಗ್ಲಿಷ್ ಮಾಧ್ಯಮವಾಯಿತು. ಈಗ ಹೊಸಬರಾಗುವ ಸರದಿ ಉರ್ದು ಶಾಲೆಯ ಮಕ್ಕಳದು.

ಆ ಸರದಿ ನಮ್ಮ ತನಕ ಬಂತು. ಉರ್ದು ಶಾಲೆಯಿಂದ ಕಾಲೇಜಿಗೆ ಹೋದ ಮೊದಲ ವಾರ ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಎಳೆದು ಇದೇನೆಂದು ಕೇಳಿದರು. ನಮಗೆ ಗೊತ್ತಿತ್ತು, 'ಮುಸಲ್ಲಸ್'. ತ್ರಿಭುಜ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಪಕ್ಕದ ಹಳ್ಳಿಯ ಹುಡುಗನೂ ಸುಮ್ಮನಿದ್ದ. ಮೇಷ್ಟ್ರು ಕೇಳಿದ್ದು ಇಂಗ್ಲಿಷಿನಲ್ಲಿ.