ಬಾನುಲಿಯಿಂದ ಜಾಲತಾಣದವರೆಗೆ: ಇಂಗ್ಲಿಷ್ ಕಲಿಕೆಯ ಒಂದು ಚರಿತ್ರೆ

ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿ ಕಾಲೇಜಿನ ಮೆಟ್ಟಿಲೇರಿದಾಗ ಎದುರಾಗುವ ಮೊದಲ ಗೋಡೆ ಇಂಗ್ಲಿಷ್. ವ್ಯಾಕರಣ ಅಷ್ಟಿಷ್ಟು ಗೊತ್ತಿರುತ್ತದೆ, ಪ್ರಶ್ನೋತ್ತರಗಳು ಬಾಯಿಪಾಠವಾಗಿರುತ್ತವೆ. ಆದರೆ ಯಾರಾದರೂ ಇಂಗ್ಲಿಷಿನಲ್ಲಿ ಮಾತನಾಡಿಸಿದರೆ ನಾಲಿಗೆ ಹೊರಳುವುದಿಲ್ಲ. ಕಾರಣ ಸರಳವಾದದ್ದು. ಕಿವಿಗೆ ಬೀಳದ ಭಾಷೆ ನಾಲಿಗೆಗೆ ಬರುವುದಿಲ್ಲ. ನಮ್ಮ ಹೆಚ್ಚಿನ ಮಕ್ಕಳಿಗೆ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಇಂಗ್ಲಿಷ್ ಕೇಳಸಿಗುವುದಿಲ್ಲ. ಈ ಕೊರತೆಯನ್ನು ನೀಗಿಸಲು ಜಗತ್ತಿನಲ್ಲಿ ನಡೆದ ಪ್ರಯತ್ನಗಳ ಚರಿತ್ರೆಯನ್ನು ಅರಿತರೆ, ಇಂದಿನ ಜಾಲತಾಣಗಳನ್ನು ಹೇಗೆ ಬಳಸಬೇಕೆಂಬುದೂ ತಿಳಿಯುತ್ತದೆ.

ಮೊದಲು ಈ ಕೆಲಸಕ್ಕೆ ಇಳಿದದ್ದು ಬಾನುಲಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಲೇ, 1943ರಲ್ಲಿ, ಬಿಬಿಸಿಯು ರೇಡಿಯೋ ಮೂಲಕ ಇಂಗ್ಲಿಷ್ ಕಲಿಸುವ ಪಾಠಗಳನ್ನು ಆರಂಭಿಸಿತು. 1959ರ ಅಕ್ಟೋಬರ್ 19ರಂದು ವಾಯ್ಸ್ ಆಫ್ ಅಮೆರಿಕ 'ಸ್ಪೆಷಲ್ ಇಂಗ್ಲಿಷ್' ಎಂಬ ಪ್ರಸಾರ ಶುರುಮಾಡಿತು. ಇದರ ವಿಧಾನ ಗಮನಾರ್ಹವಾಗಿತ್ತು. ಸುಮಾರು 1500 ಪದಗಳ ಶಬ್ದಭಂಡಾರ, ಒಂದು ವಾಕ್ಯದಲ್ಲಿ ಒಂದೇ ವಿಚಾರ, ಸಾಮಾನ್ಯ ವಾರ್ತೆಗಿಂತ ನಿಧಾನವಾದ ಓದು. ಇಷ್ಟೇ ಸಾಮಗ್ರಿಯಲ್ಲಿ ಜಗತ್ತಿನ ಸುದ್ದಿಯನ್ನೂ ವಿಜ್ಞಾನವನ್ನೂ ಹೇಳಬಹುದೆಂದು ಅದು ತೋರಿಸಿಕೊಟ್ಟಿತು. ಆದರೆ ರೇಡಿಯೋಗೆ ಒಂದು ಮಿತಿಯಿತ್ತು. ಹೇಳಿದ ಮಾತು ಗಾಳಿಯಲ್ಲಿ ಹೋಗುತ್ತಿತ್ತು. ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳುವಂತಿರಲಿಲ್ಲ.

ಪುಸ್ತಕದ ಕೊರತೆಗೆ ಉತ್ತರ ಬೇರೆ ಕಡೆಯಿಂದ ಬಂತು. 1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಮೈಕೆಲ್ ಹಾರ್ಟ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಲ್ಲಿನ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿದರು. 'ಪ್ರಾಜೆಕ್ಟ್ ಗುಟೆನ್‌ಬರ್ಗ್' ಹುಟ್ಟಿದ್ದು ಹಾಗೆ. ಹಕ್ಕುಸ್ವಾಮ್ಯ ಮುಗಿದ ಸಾವಿರಾರು ಇಂಗ್ಲಿಷ್ ಪುಸ್ತಕಗಳು ಇಂದು ಅದರಲ್ಲಿ ಉಚಿತವಾಗಿ ದೊರೆಯುತ್ತವೆ.

1989ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ವರ್ಲ್ಡ್ ವೈಡ್ ವೆಬ್‌ನ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಅದನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಎರಡೇ ವರ್ಷಗಳಲ್ಲಿ ಇಂಗ್ಲಿಷ್ ಅಧ್ಯಾಪಕರು ಇದರ ಲಾಭ ಪಡೆದರು. 1995ರಲ್ಲಿ ಕ್ಯಾಲಿಫೋರ್ನಿಯಾದ ಅಧ್ಯಾಪಕ ಡೇವ್ ಸ್ಪರ್ಲಿಂಗ್ 'ಡೇವ್ಸ್ ಇಎಸ್‌ಎಲ್ ಕೆಫೆ' ತೆರೆದರು. 1996ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ಜಾಲಕ್ಕೆ ಬಂತು. ಅರ್ಥ ಮಾತ್ರವಲ್ಲ, ಉಚ್ಚಾರಣೆಯನ್ನೂ ನಿಘಂಟಿನಿಂದಲೇ ಕೇಳುವ ಅನುಕೂಲ ಕ್ರಮೇಣ ಒದಗಿತು. ಬಿಬಿಸಿ ಮತ್ತು ವಾಯ್ಸ್ ಆಫ್ ಅಮೆರಿಕದ ಪಾಠಗಳೂ ಜಾಲತಾಣಗಳಲ್ಲಿ ನೆಲೆನಿಂತವು. ಧ್ವನಿ ಮತ್ತು ಬರಹ ಒಂದೇ ಕಡೆ ಸಿಕ್ಕಿದ್ದರಿಂದ ಕೇಳಿದ್ದನ್ನು ಮತ್ತೆ ಮತ್ತೆ ಕೇಳಬಹುದಾಯಿತು.

ಭಾರತದಲ್ಲಿ ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ನೀಡಿದ್ದು 1995ರ ಆಗಸ್ಟ್ 15ರಂದು. ಬಹುಕಾಲ ಅದು ನಗರದ ಅನುಕೂಲಸ್ಥರ ಸೊತ್ತಾಗಿತ್ತು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟೆಂದು ಹಣ ಕೊಟ್ಟು ಕೂರಬೇಕಿತ್ತು. ಹೆಣ್ಣುಮಕ್ಕಳಿಗೆ ಅಲ್ಲಿಗೆ ಹೋಗುವುದೂ ಸುಲಭವಿರಲಿಲ್ಲ. 2016ರ ನಂತರ ಮೊಬೈಲ್ ಡೇಟಾ ಅಗ್ಗವಾದಾಗ ಪರಿಸ್ಥಿತಿ ಬದಲಾಯಿತು. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣ ಇಲ್ಲಿ ವಿಶೇಷವಾಗಿ ಉಲ್ಲೇಖನೀಯ. ಅದರಲ್ಲಿ ಒಂದೇ ಕಥೆ ಹಲವು ಭಾಷೆಗಳಲ್ಲಿ ದೊರೆಯುತ್ತದೆ. ಮಗು ಕನ್ನಡದಲ್ಲೋ ಉರ್ದುವಿನಲ್ಲೋ ಕಥೆ ಓದಿ, ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಓದಬಹುದು. ತಾಯ್ನುಡಿಯನ್ನು ಬಿಟ್ಟು ಇಂಗ್ಲಿಷ್ ಕಲಿಯಬೇಕೆಂಬ ಭ್ರಮೆಗೆ ಇದು ತಕ್ಕ ಉತ್ತರ.

ಆದರೆ ಈ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಒಂದು ಕಾಲದಲ್ಲಿ ಭಾಷೆ ಕಲಿಸುವ ಆಟಗಳೂ ಅಭ್ಯಾಸಗಳೂ ಬಹಳಷ್ಟು 'ಫ್ಲ್ಯಾಶ್' ತಂತ್ರಾಂಶದಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪೆನಿ ಅದಕ್ಕೆ ಬೆಂಬಲ ನಿಲ್ಲಿಸಿದಾಗ ಅವುಗಳಲ್ಲಿ ಅನೇಕವು ತೆರೆಯದಾದವು. 2025ರ ಮಾರ್ಚ್‌ನಲ್ಲಿ ಅಮೆರಿಕ ಸರಕಾರದ ಆದೇಶದ ಬೆನ್ನಿಗೆ ವಾಯ್ಸ್ ಆಫ್ ಅಮೆರಿಕದ ಬಹುಪಾಲು ಸಿಬ್ಬಂದಿಯನ್ನು ರಜೆಯ ಮೇಲೆ ಕಳುಹಿಸಲಾಯಿತು. ಆರು ದಶಕಗಳನ್ನು ದಾಟಿದ ಸೇವೆಗೂ ಹೀಗೆ ಧಕ್ಕೆ ಬರುತ್ತದೆ. ಅನ್ಯರು ಕಟ್ಟಿದ ಬಾವಿಯ ನೀರನ್ನೇ ನಂಬಿ ಕೂತವರು ಬಾವಿ ಮುಚ್ಚಿದ ದಿನ ಬಾಯಾರಬೇಕಾಗುತ್ತದೆ.

ಹಾಗಾಗಿ ನಮ್ಮ ಶಾಲೆಗಳು ಮಾಡಬೇಕಾದದ್ದೇನು? ಪ್ರತಿಯೊಂದು ಶಾಲೆಯೂ ತನ್ನದೇ ಆದ ಒಂದು ಸಂಗ್ರಹ ಮಾಡಿಟ್ಟುಕೊಳ್ಳಬೇಕು. ಹಂಚಿಕೊಳ್ಳಲು ಅನುಮತಿಯಿರುವ ಕಥೆ, ಧ್ವನಿಪಾಠಗಳನ್ನು ಆರಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಕರೆಂಟು, ಸಿಗ್ನಲ್ ಕೈಕೊಟ್ಟ ದಿನವೂ ಒಂದು ಮೊಬೈಲಿನಲ್ಲಿ ಪಾಠ ನಡೆಯುತ್ತದೆ. ನಲವತ್ತು ಮಕ್ಕಳಿಗೆ ನಲವತ್ತು ಕಂಪ್ಯೂಟರ್ ಬೇಕಿಲ್ಲ. ಐದು ನಿಮಿಷದ ಒಂದು ಧ್ವನಿಪಾಠವನ್ನು ಮೊದಲು ಎರಡು ಬಾರಿ ಬರಹ ನೋಡದೆ ಕೇಳಿಸಬೇಕು. ಮೂರನೇ ಬಾರಿ ಬರಹ ನೋಡುತ್ತಾ ಕೇಳಲಿ. ನಂತರ ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಲಿ. ತಪ್ಪಿದಾಗ ಯಾರೂ ನಗದಂತೆ ನೋಡಿಕೊಳ್ಳುವುದು ಅಧ್ಯಾಪಕರ ಕೆಲಸ. ಅದನ್ನು ಯಾವ ಜಾಲತಾಣವೂ ಮಾಡದು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಹಿರಿಯರಿಗೆ ಒಂದು ಇಂಗ್ಲಿಷ್ ನಿಘಂಟು ಕೊಳ್ಳುವುದೂ ದುಬಾರಿಯಾಗಿತ್ತು. ಇಂದು ನಿಘಂಟು, ಗ್ರಂಥಾಲಯ, ಶಿಕ್ಷಕನ ಧ್ವನಿ ಎಲ್ಲವೂ ನಿಮ್ಮ ಜೇಬಿನಲ್ಲಿದೆ. ಅದೇ ಜೇಬಿನಲ್ಲಿ ಹೊತ್ತು ಕೊಲ್ಲುವ ಸಾಧನಗಳೂ ಇವೆ. ದಿನಕ್ಕೆ ಅರ್ಧ ಗಂಟೆಯನ್ನು ಕೇಳುವುದಕ್ಕೂ ಗಟ್ಟಿಯಾಗಿ ಓದುವುದಕ್ಕೂ ಮೀಸಲಿಡಿ. ಒಂದು ವರ್ಷ ಬಿಡದೆ ನಡೆಸಿ ನೋಡಿ, ಇಂದು ಎದುರಿಗೆ ನಿಂತಿರುವ ಗೋಡೆಯಲ್ಲಿ ನಿಮಗೊಂದು ಬಾಗಿಲು ಕಾಣಿಸೀತು.